ಕೀಮೋದಿಂದ ಹೃದಯಕ್ಕೆ ಹಾನಿ, ಹೊಳೆಮತ್ತಿ ತೊಗಟೆಯ ಕಷಾಯ: ಹೃದ್ರೋಗ ತಜ್ಞೆಯೊಂದಿಗೆ ಪ್ರಶ್ನೋತ್ತರ

ಸದಸ್ಯೆ, ಮಂಡ್ಯ: ನಮಸ್ಕಾರ ಮೇಡಂ. ಅಮ್ಮನಿಗೆ 62 ವರ್ಷ, ಸ್ತನ ಕ್ಯಾನ್ಸರ್, ಬಿಪಿ ಇದೆ. ಕೆಂಪು ಬಣ್ಣದ ಕೀಮೋ ಔಷಧ ಡಾಕ್ಸೊರುಬಿಸಿನ್ ನಾಲ್ಕು ಸುತ್ತು ಮುಗಿದಿದೆ. ಹೃದಯಕ್ಕೆ ರಕ್ಷಣೆಯೆಂದು ಹೊಳೆಮತ್ತಿ (ಅರ್ಜುನ ಮರ) ತೊಗಟೆಯ ಕಷಾಯ ಕೊಡುತ್ತಿದ್ದೇವೆ. ಮುಂದುವರಿಸಬಹುದೇ? ಒಂದು ವಾರದಿಂದ ಮಲಗಿದರೆ ಕೆಮ್ಮು, ಎರಡು ದಿಂಬು ಬೇಕು. ಕಷಾಯದ ಶೀತವಿರಬಹುದೇ?

ವೈದ್ಯೆ: ಕಷಾಯದ ಮಾತು ಆಮೇಲೆ. ಕಣಕಾಲಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಕುಳಿ ಬಿದ್ದು ಹಾಗೆಯೇ ಉಳಿಯುತ್ತದೆಯೇ?

ಸದಸ್ಯ, ಶಿರಸಿ: ಲಕ್ಷ್ಮಣಫಲ ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿಯಂತೆ, ಹೌದೇ?

ವೈದ್ಯೆ: ಸುಳ್ಳು.

ಸದಸ್ಯೆ, ಮಂಡ್ಯ: ಕುಳಿ ಹಾಗೆಯೇ ಇದೆ ಮೇಡಂ.

ವೈದ್ಯೆ: ಹಾಗಾದರೆ ಇದು ಶೀತವಲ್ಲ. ಹೃದಯ ಸೋಲುತ್ತಿರಬಹುದು, ಅದಕ್ಕೇ ನೀರು ತುಂಬಿದೆ. ನಾಳೆಗೆ ಕಾಯಬೇಡಿ, ಈಗಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊರಡಿ. ಕೀಮೋ ದಾಖಲೆಗಳನ್ನೂ ಮೊದಲಿನ ಎಕೋ (ಹೃದಯದ ಸ್ಕ್ಯಾನ್) ವರದಿಯನ್ನೂ ಒಯ್ಯಿರಿ. ಹೃದಯ ರಕ್ತ ಹೊರದೂಡುವ ಪ್ರಮಾಣ ಎಷ್ಟು ಇಳಿದಿದೆಯೆಂದು ಹೋಲಿಸಿ ನೋಡುತ್ತಾರೆ. ಕಷಾಯದ ವಿಷಯ ಮುಚ್ಚಿಡಬೇಡಿ. ಡಾಕ್ಸೊರುಬಿಸಿನ್ ಸಾಮಾನ್ಯವಾಗಿ ಸುತ್ತಿಗೆ ದೇಹದ ಮೇಲ್ಮೈಯ ಚದರ ಮೀಟರಿಗೆ 60 ಮಿಲಿಗ್ರಾಂ ಕೊಡುತ್ತಾರೆ, ನಾಲ್ಕು ಸುತ್ತಿಗೆ ಒಟ್ಟು 240. ಅಪಾಯ ಥಟ್ಟನೆ ಏರುವುದು ಈ ಒಟ್ಟು 400 ದಾಟಿದ ಮೇಲೆ. ಆದರೆ ವಯಸ್ಸಾದವರಿಗೆ, ಬಿಪಿ ಇರುವವರಿಗೆ ಅದಕ್ಕಿಂತ ಕಡಿಮೆಯಲ್ಲೂ ತೊಂದರೆಯಾಗಬಹುದು. ಬೇಗ ಹಿಡಿದರೆ ಚೇತರಿಕೆಯ ಸಾಧ್ಯತೆ ಹೆಚ್ಚು. ಅದಕ್ಕೇ ಈ ಅವಸರ.

ಹೊಳೆಮತ್ತಿ ತೊಗಟೆಯ ಸಾರ ಇಲಿಗಳಲ್ಲಿ ಈ ಔಷಧದ ಹಾನಿಯನ್ನು ತಗ್ಗಿಸಿದ್ದು ನಿಜ, ನನಗೂ ಕುತೂಹಲವಿದೆ. ಆದರೆ ಇಲಿಗೆ ಕೊಟ್ಟದ್ದು ಅಳೆದ ಸಾರ. ನಿಮ್ಮ ಪಾತ್ರೆಯಲ್ಲಿ ಕುದಿಯುವುದರ ಅಳತೆ ಯಾರಿಗೆ ಗೊತ್ತು? ಅದು ಹೃದಯದ ಜೊತೆಗೆ ಕ್ಯಾನ್ಸರ್ ಗಡ್ಡೆಯನ್ನೂ ಕಾಪಾಡಿಬಿಟ್ಟರೆ? ಹೃದಯ ರಕ್ಷಣೆಗೆಂದೇ ಒಪ್ಪಿಗೆ ಪಡೆದ ಔಷಧ ಡೆಕ್ಸ್‌ರಝಾಕ್ಸೇನ್. ಡಾಕ್ಸೊರುಬಿಸಿನ್‌ಗೆ ಮುಂಚೆ ರಕ್ತನಾಳಕ್ಕೆ ಕೊಡುತ್ತಾರೆ, ಅದೂ ಎಲ್ಲರಿಗಲ್ಲ.

ಸದಸ್ಯ, ಬೀದರ್: ಅದರ ಬೆಲೆ ಎಷ್ಟು? ಸರ್ಕಾರಿ ಯೋಜನೆಯಲ್ಲಿ ಸಿಗುತ್ತದೆಯೇ?

ಸದಸ್ಯ, ಉಡುಪಿ: ಗಿಡಮೂಲಿಕೆಯೆಂದರೆ ನಿಮಗೆ ತಾತ್ಸಾರ. ಕೀಮೋದ ವಿನ್‌ಕ್ರಿಸ್ಟಿನ್ ಬಂದದ್ದೇ ಕಾಶಿ ಕಣಗಿಲೆಯಿಂದ!

ಸದಸ್ಯ, ಹಾವೇರಿ: ಬೇರ್ಪಡಿಸಿ, ಶುದ್ಧೀಕರಿಸಿ, ಅಳೆದು ರಕ್ತನಾಳಕ್ಕೆ ಕೊಡುತ್ತಾರೆ ಸ್ವಾಮಿ. ಕುದಿಸಿ ಕುಡಿಸುವುದಿಲ್ಲ.

ಸದಸ್ಯ, ಉಡುಪಿ: ನೀವೇನು ವೈದ್ಯರೇ?

ಸದಸ್ಯ, ಹಾವೇರಿ: ನೀವೂ ಅಲ್ಲ. ಬಂದ ಸಂದೇಶವನ್ನೆಲ್ಲ ಇಲ್ಲಿಗೆ ತಳ್ಳುವುದು ಬಿಟ್ಟು ಬೇರೇನು ಮಾಡಿದ್ದೀರಿ?

ಸದಸ್ಯೆ, ತುಮಕೂರು: ನಮ್ಮ ಬೇಲಿಯಲ್ಲಿ ಕಣಗಿಲೆ ಇದೆ. ಎಲೆ ಕುದಿಸಬಹುದೇ ಮೇಡಂ?

ವೈದ್ಯೆ: ಮುಟ್ಟಬೇಡಿ! ಕಣಗಿಲೆ ಕಾಶಿ ಕಣಗಿಲೆಯಲ್ಲ, ಬೇರೆಯೇ ಗಿಡ. ಅದರ ವಿಷ ನೇರವಾಗಿ ಹೃದಯಕ್ಕೇ ತಗಲುತ್ತದೆ, ಬಡಿತವನ್ನೇ ನಿಲ್ಲಿಸಬಲ್ಲದು. ಉಡುಪಿಯವರೇ, ಅರ್ಧ ಮಾತು ಹೇಳಿದರೆ ಏನಾಗುತ್ತದೆಂದು ನೋಡಿದಿರಾ?

ಸದಸ್ಯ, ಬಳ್ಳಾರಿ: ಅಮೃತಬಳ್ಳಿ?

ವೈದ್ಯೆ: ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಕೀಮೋ ನಡೆಯುವಾಗ ಬೇಡ.

ಸದಸ್ಯ, ಶಿರಸಿ: ಲಕ್ಷ್ಮಣಫಲದ ಎಲೆಯಾದರೂ ಕೊಡಬಹುದೇ?

ವೈದ್ಯೆ: ಒಮ್ಮೆ ಹೇಳಿದ್ದೇನೆ. ಮಂಡ್ಯದವರೇ, ಹೊರಟಿರಾ?

ಸದಸ್ಯೆ, ಮಂಡ್ಯ: ಆಂಬುಲೆನ್ಸ್‌ನಲ್ಲಿದ್ದೇವೆ.

ಸದಸ್ಯ, ಉಡುಪಿ: ಸುಮ್ಮನೆ ಹೆದರಿಸಿದ್ದಾರೆ. ಕಷಾಯ ನಿಲ್ಲಿಸಬೇಡಿ ಅಕ್ಕಾ.

ವೈದ್ಯೆ: ನೀವು ದಯವಿಟ್ಟು ಸುಮ್ಮನಿರಿ. ಮಂಡ್ಯದವರೇ, ಅಮ್ಮನನ್ನು ಅಂಗಾತ ಮಲಗಿಸಬೇಡಿ, ಒರಗಿಸಿ ಕೂರಿಸಿ.

ಸದಸ್ಯ, ಬೀದರ್: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.