ಇಂಗ್ಲಿಷಿನ ‘ಧೋಲ್’ ನಮ್ಮ ತೋಳದಿಂದ ಹುಟ್ಟಿದ್ದೇ?

ಪ್ರಶ್ನೆ – ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ಕಳೆದ ತಿಂಗಳು ನಮ್ಮ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಐದಾರು ಸೀಳುನಾಯಿಗಳು ಕಡವೆಮರಿಯೊಂದನ್ನು ಅಟ್ಟಿಸಿಕೊಂಡು ಹೋದುದನ್ನು ನಾನೂ ಮಗಳೂ ನೋಡಿದೆವು. ಇಂಗ್ಲಿಷಿನಲ್ಲಿ ಅದಕ್ಕೆ ‘ಧೋಲ್’ ಎನ್ನುತ್ತಾರೆಂದು ಹೇಳಿದೆ. ಆ ಹೆಸರು ಎಲ್ಲಿಂದ ಬಂತೆಂದು ಅವಳು ಕೇಳಿದಾಗ ಉತ್ತರ ತಿಳಿಯದೆ ಮೆರಿಯಮ್-ವೆಬ್‌ಸ್ಟರ್ ನಿಘಂಟನ್ನು ನೋಡಿದರೆ, ಅದು ಕನ್ನಡದ ‘ತೋಳ’ದಿಂದ ಬಂದಿರಬಹುದೆಂಬ ಊಹೆ ಅಲ್ಲಿತ್ತು. ಸಂತೋಷವಾಯಿತು, ಆದರೆ ಸಂಶಯವೂ ಹುಟ್ಟಿತು. ನಮ್ಮ ಕಡೆ ಈ ಪ್ರಾಣಿಯನ್ನು ಸೀಳುನಾಯಿ, ಕಾಡುನಾಯಿ ಎನ್ನುತ್ತಾರೆಯೇ ಹೊರತು ತೋಳ ಎಂದು ಯಾರೂ ಕರೆಯುವುದಿಲ್ಲ. ತೋಳವೆಂದರೆ ಬಯಲುಸೀಮೆಯಲ್ಲಿ ಕುರಿಮಂದೆಯ ಹಿಂದೆ ಬೀಳುವ ಬೇರೆಯದೇ ಪ್ರಾಣಿ. ಹಾಗಿರುವಾಗ ಈ ಊಹೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ – ನಿವೃತ್ತ ಕನ್ನಡ ಅಧ್ಯಾಪಕ, ಶಿವಮೊಗ್ಗ

ಧ್ವನಿಯ ದೃಷ್ಟಿಯಿಂದ ಈ ಊಹೆಯನ್ನು ತಳ್ಳಿಹಾಕುವಂತಿಲ್ಲ. ಇಂಗ್ಲಿಷರು ಪದದ ಆರಂಭದ ಟಕಾರವನ್ನು ಉಸಿರು ಸೇರಿಸಿ ನುಡಿಯುತ್ತಾರೆ. ಉಸಿರಿಲ್ಲದ ನಮ್ಮ ತಕಾರ ಅವರ ಕಿವಿಗೆ ದಕಾರದಂತೆ ಕೇಳಿಸುವುದುಂಟು. ಅವರಲ್ಲಿ ಳಕಾರವಿಲ್ಲದ ಕಾರಣ ಅದು ಲಕಾರವಾಗುವುದು ಸಹಜ, ಕೊನೆಯ ಸ್ವರ ಬಿದ್ದುಹೋಗುವುದೂ ಸಹಜ. ಆದರೆ ಅವರು ಬರೆದಿಟ್ಟ ನಮ್ಮ ಸೀಮೆಯ ಹೆಸರುಗಳನ್ನು ನೋಡಿದಾಗ ನನಗೆ ಅನುಮಾನ ಬಲಿಯುತ್ತದೆ. ತುಂಗಭದ್ರೆಯನ್ನಾಗಲಿ ತುಮಕೂರನ್ನಾಗಲಿ ಅವರು ದಕಾರದಿಂದ ಬರೆಯಲಿಲ್ಲ. ಮಲಯಾಳದ ತೇಕ್ಕು, ಅಂದರೆ ನಮ್ಮ ತೇಗ, ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಹೋಗಿ ‘ಟೀಕ್’ ಆದಾಗ ಕೊನೆಯ ಸ್ವರ ಹೋಯಿತು, ಮೊದಲ ಅಕ್ಷರ ಮಾತ್ರ ದಕಾರವಾಗಲಿಲ್ಲ. ತೋಳವೊಂದೇ ಏಕೆ ಬೇರೆ ದಾರಿ ಹಿಡಿಯಬೇಕು?

ಉತ್ತರ – ಓದುಗ, ಸಾಗರ

ಅಕ್ಷರಗಳಿಗಿಂತ ಮೊದಲು ಆ ಪದವನ್ನು ಕೇಳಿದವರು ಯಾರು, ಎಲ್ಲಿ ಎಂಬುದನ್ನು ನೋಡಬೇಕು. ಇಂಗ್ಲಿಷ್ ಬರವಣಿಗೆಯಲ್ಲಿ ಈ ಹೆಸರು ಮೊದಲು ಕಾಣಿಸುವುದು ಬಹುಶಃ 1808ರಲ್ಲಿ, ಥಾಮಸ್ ವಿಲಿಯಮ್ಸನ್ ಎಂಬ ಸೈನಿಕನ ಬರಹದಲ್ಲಿ. ಅವನು ಈ ಪ್ರಾಣಿಯನ್ನು ಕಂಡದ್ದು ರಾಮಗಢ ಸೀಮೆಯಲ್ಲಿ, ಎಂದರೆ ಇಂದಿನ ಜಾರ್ಖಂಡ್ ಕಡೆ; ಧೋಲ್ ಎಂಬುದು ಅಲ್ಲಿನವರೇ ಬಳಸುವ ಹೆಸರೆಂದು ಅವನು ಬರೆದಿದ್ದಾನೆ. ಸುಮಾರು ಇಪ್ಪತ್ತು ವರ್ಷಗಳ ನಂತರ ಚಾರ್ಲ್ಸ್ ಹ್ಯಾಮಿಲ್ಟನ್ ಸ್ಮಿತ್ ಎಂಬ ಪ್ರಕೃತಿಶಾಸ್ತ್ರಜ್ಞ ಅದನ್ನು ‘ಹುಚ್ಚು’ ಎಂಬ ಅರ್ಥದ ತುರ್ಕಿಯ ‘ದೆಲಿ’ಗೆ ಜೋಡಿಸಿದ, ಡಚ್ ಭಾಷೆಯ ‘ದೋಲ್’ ಪದವನ್ನೂ ಜೊತೆಗೆ ತಂದ. ಕೇವಲ ಸದ್ದಿನ ಹೋಲಿಕೆಯಿಂದ ಮೂಲ ಹುಡುಕಿದರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಅನಂತರ ರಿಚರ್ಡ್ ಲೈಡೆಕ್ಕರ್ ಎಂಬ ಪ್ರಾಣಿಶಾಸ್ತ್ರಜ್ಞ, ಈ ಪ್ರಾಣಿ ಇರುವ ಸೀಮೆಗಳ ಜನರು ಧೋಲ್ ಎಂಬ ಮಾತನ್ನೇ ಬಳಸುವುದಿಲ್ಲವೆಂದು ಬರೆದ. ಕನ್ನಡ ನಾಡಿನಿಂದ ಅಷ್ಟು ದೂರದಲ್ಲಿ ದಾಖಲಾದ ಹೆಸರನ್ನು ತೋಳಕ್ಕೆ ಕಟ್ಟಲು ನನಗೆ ಧೈರ್ಯ ಸಾಲದು.

ಉತ್ತರ – ಭದ್ರಾ ಕಾಡಿನ ಅಂಚಿನ ಊರಿನವ

ಒಂದು ಪ್ರಾಣಿಯ ಹೆಸರು ಇನ್ನೊಂದಕ್ಕೆ ಅಂಟಿಕೊಳ್ಳುವುದು ಹೊಸದೇನಲ್ಲ ಎಂಬುದನ್ನು ಮರೆಯಬಾರದು. ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿಯಂಥ ಇಲಿ, ಇಂಗ್ಲಿಷಿನಲ್ಲಿ ‘ಬ್ಯಾಂಡಿಕೂಟ್’ ಆಯಿತು. ನಮ್ಮ ಹೆಗ್ಗಣದ ಆ ಹೆಸರನ್ನು ಅವರು ಆಸ್ಟ್ರೇಲಿಯಾದಲ್ಲಿ ಹೊಟ್ಟೆಚೀಲವಿರುವ, ಹೆಗ್ಗಣಕ್ಕೆ ಯಾವ ನಂಟೂ ಇಲ್ಲದ ಪ್ರಾಣಿಗೆ ಇಟ್ಟರು. ಆದ್ದರಿಂದ ತೋಳದ ಹೆಸರು ಸೀಳುನಾಯಿಗೆ ಬಂದಿರಬಹುದೆಂಬುದು ತಾನಾಗಿ ಅಸಂಭವವಲ್ಲ. ನಿಜ ಹೇಳಬೇಕೆಂದರೆ ಅದು ನಾಯಿಯೂ ಅಲ್ಲ, ತೋಳವೂ ಅಲ್ಲ: ನಾಯಿ, ತೋಳಗಳಿಗೆ ಕೆಳದವಡೆಯ ಒಂದೊಂದು ಬದಿಯಲ್ಲಿ ಮೂರು ಹಿಂದವಡೆ ಹಲ್ಲುಗಳಿದ್ದರೆ ಇದಕ್ಕೆ ಎರಡೇ. ಬೊಗಳುವ ಬದಲು ಸಿಳ್ಳೆಯಂಥ ದನಿಯಿಂದ ಒಂದನ್ನೊಂದು ಕರೆಯುತ್ತದೆ. ಹೀಗಿದ್ದರೂ 1838ರಲ್ಲಿ ಬ್ರಯಾನ್ ಹಾಡ್ಜ್‌ಸನ್ ಎಂಬ ಪ್ರಕೃತಿಶಾಸ್ತ್ರಜ್ಞ ಇದಕ್ಕೆ ಪ್ರತ್ಯೇಕ ಕುಲ (ಜೀನಸ್) ಕಲ್ಪಿಸಿದಾಗ ಕೊಟ್ಟ ‘ಕುವಾನ್’ ಎಂಬ ಹೆಸರಿಗೆ ಗ್ರೀಕಿನಲ್ಲಿ ನಾಯಿ ಎಂದೇ ಅರ್ಥ. ಕೆಂಪು ಮೈಯನ್ನು ನೋಡಿ ಇಟ್ಟ ನಮ್ಮ ‘ಕೆನ್ನಾಯಿ’ ನನಗೆ ಎಲ್ಲಕ್ಕಿಂತ ಸರಿಯೆನಿಸುತ್ತದೆ. ತಮಿಳರ, ಮಲಯಾಳಿಗಳ ‘ಚೆನ್ನಾಯ್’ ಅದರದೇ ಒಡಹುಟ್ಟು.

ಉತ್ತರ – ನಿವೃತ್ತ ಕನ್ನಡ ಅಧ್ಯಾಪಕ, ಶಿವಮೊಗ್ಗ

ಸಾಗರದವರ ಮಾತಿಗೆ ಒಂದು ತಿದ್ದುಪಡಿ ಸೇರಿಸಬೇಕು. ರಾಮಗಢವಿರುವ ಛೋಟಾ ನಾಗಪುರದಲ್ಲಿ ಕುಡುಖ್ ಎಂಬ ದ್ರಾವಿಡ ಭಾಷೆಯನ್ನಾಡುವ ಉರಾಂವ್ ಜನರಿದ್ದಾರೆ. ತೋಳಕ್ಕೆ ತೆಲುಗಿನಲ್ಲಿ ‘ತೋಡೇಲು’ ಎನ್ನುವುದರಿಂದ ಈ ಪದ ಕನ್ನಡದ ಸ್ವತ್ತು ಮಾತ್ರವಲ್ಲ, ದ್ರಾವಿಡ ಮನೆತನದ್ದು. ಹಾಗಾಗಿ ಹುಡುಕುವುದಾದರೆ ಮೊದಲು ಅಲ್ಲಿನ ಭಾಷೆಗಳಲ್ಲಿ ಹುಡುಕಬೇಕು, ಮಲೆನಾಡಿನಲ್ಲಲ್ಲ. ಮಗಳಿಗೆ ಸದ್ಯಕ್ಕೆ, ನಿಘಂಟಿನವರೂ ‘ಇರಬಹುದು’ ಎಂದಷ್ಟೇ ಬರೆದಿದ್ದಾರೆಂಬುದನ್ನು ದಯವಿಟ್ಟು ತೋರಿಸಿ.