ಸೋಮವಾರ ಬೆಳಗ್ಗೆ ಬ್ಯಾಟರಿ ಡೌನ್: ಡ್ಯಾಶ್‌ಕ್ಯಾಮ್ ಕಾರಣವೇ, ಬೇರೆ ಏನಾದರೂ ಇದೆಯೇ?

ಕೆಂಗೇರಿ_ಗಾಡಿ:
ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬ್ಯಾಟರಿ 35 ಆಂಪಿಯರ್-ಅವರ್ (ಅಂದರೆ 1 ಆಂಪಿಯರ್‌ನಂತೆ ಎಳೆದರೆ ಸುಮಾರು 35 ಗಂಟೆ), ಹಾಕಿಸಿ ಇನ್ನೂ ವರ್ಷ ಆಗಿಲ್ಲ. ಹಿಂದಿನ ಮಾಲೀಕರು ಹಾಕಿಸಿದ್ದ ಸ್ಟೀರಿಯೊ, ಆಂಪ್ (ಸ್ಪೀಕರ್ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಹಾಗೇ ಇವೆ. ಹೋದ ತಿಂಗಳು ಮನೆಯಲ್ಲೇ ಡ್ಯಾಶ್‌ಕ್ಯಾಮ್ (ವಿಡಿಯೊ ತೆಗೆಯುವ ಕಾರಿನ ಕ್ಯಾಮೆರಾ) ಹಾಕಿದೆ, ಫ್ಯೂಸ್ ಬಾಕ್ಸಿನಿಂದ ಅದಕ್ಕೆ ನೇರ ಕರೆಂಟ್ ಕೊಡುವ ಹಾರ್ಡ್‌ವೈರ್ ಕಿಟ್ ಸಮೇತ. ಹಳದಿ ವೈರ್ ಯಾವಾಗಲೂ ಕರೆಂಟ್ ಇರುವ ಫ್ಯೂಸ್‌ಗೆ, ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸ್‌ಗೆ, ಕಪ್ಪು ಬಾಡಿ ಅರ್ಥ್‌ಗೆ. ಗಾಡಿ ನಿಂತಾಗಲೂ ಕ್ಯಾಮೆರಾ ಓಡುವ ಪಾರ್ಕಿಂಗ್ ಮೋಡ್ ಆನ್ ಇಟ್ಟಿದ್ದೇನೆ.

ಶುಕ್ರವಾರ ರಾತ್ರಿ ಎಂಟಕ್ಕೆ ಬೇಸ್‌ಮೆಂಟ್‌ನಲ್ಲಿ ನಿಲ್ಲಿಸಿದರೆ ಸೋಮವಾರ ಬೆಳಗ್ಗೆ ಸೆಲ್ಫ್ ತಗೊಳ್ಳುವುದಿಲ್ಲ. ಬರೀ ಟಕ್ ಟಕ್ ಸದ್ದು, ಮೀಟರ್ ಲೈಟು ಮಂಕು. ಜಂಪ್ ಕೊಟ್ಟರೆ ತಕ್ಷಣ ಸ್ಟಾರ್ಟ್. ದಿನಾ ಓಡಿಸುವಾಗ ತೊಂದರೆ ಇಲ್ಲ. ಡ್ಯಾಶ್‌ಕ್ಯಾಮ್ ಬಿಚ್ಚಿಬಿಡಲಾ? ಬೇಸ್‌ಮೆಂಟ್‌ನಲ್ಲಿ ಯಾರೋ ಬಾಗಿಲಿಗೆ ಉಜ್ಜಿಕೊಂಡು ಹೋದ ಮೇಲೆಯೇ ಅದನ್ನು ಹಾಕಿದ್ದು, ಬಿಚ್ಚಲು ಮನಸ್ಸಿಲ್ಲ.

ಹಳೇ_ಡೀಸೆಲ್:
ಸರ್, ಬ್ಯಾಟರಿ ವಾರಂಟಿಯಲ್ಲಿ ಇದ್ದರೆ ಬದಲಾಯಿಸಿಕೊಳ್ಳಿ. ಮೈಸೂರು ರಸ್ತೆ ಟ್ರಾಫಿಕ್‌ನಲ್ಲಿ ಎಸಿ, ಲೈಟು, ರೇಡಿಯೇಟರ್ ಫ್ಯಾನ್ ಎಲ್ಲ ಓಡುತ್ತಿರುತ್ತವೆ, ಇಂಜಿನ್ ಐಡ್ಲಿಂಗ್‌ನಲ್ಲೇ ಇರುತ್ತದೆ. ಬ್ಯಾಟರಿ ಫುಲ್ ಆಗುವುದೇ ಇಲ್ಲ. ಇಲ್ಲಾಂದ್ರೆ ನೆಗೆಟಿವ್ ಟರ್ಮಿನಲ್‌ಗೆ ಕಟ್-ಆಫ್ ಸ್ವಿಚ್ ಹಾಕಿ. ಶುಕ್ರವಾರ ಆಫ್, ಸೋಮವಾರ ಆನ್. ಮುಗೀತು.

ವೈರಿಂಗ್_ಮಲ್ಲೇಶ್ವರ:
ಟ್ರಾಫಿಕ್ ಬಗ್ಗೆ ಹೇಳಿದ್ದು ನಿಜ. ಆದರೆ ಬ್ಯಾಟರಿ ಬದಲಾಯಿಸುವುದು ಈಗಲೇ ಬೇಡ. ಎಲ್ಲೋ ಕರೆಂಟ್ ಸೋರುತ್ತಿದ್ದರೆ ಹೊಸ ಬ್ಯಾಟರಿಯೂ ಹೀಗೇ ಕೂರುತ್ತದೆ, ತೂತು ಬಿಂದಿಗೆಗೆ ನೀರು ತುಂಬಿಸಿದ ಹಾಗೆ. ಕಟ್-ಆಫ್ ಸ್ವಿಚ್ ಹಾಕಿದರೆ ಸ್ಟಾರ್ಟ್ ಆಗುತ್ತದೆ, ಒಪ್ಪುತ್ತೇನೆ. ಆದರೆ ಸೋರುವ ವೈರಿಂಗ್ ಗಾಡಿಯೊಳಗೆ ಹಾಗೇ ಉಳಿಯುತ್ತದೆ, ಡ್ಯಾಶ್‌ಕ್ಯಾಮ್ ಕೂಡ ಆಫ್ ಆಗುತ್ತದೆ. ಮೊದಲು ಅಳೆಯಿರಿ.

ಮಲ್ಟಿಮೀಟರ್ ಇಲ್ಲದಿದ್ದರೆ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಡಿಸಿ (ಬ್ಯಾಟರಿಯ ಕರೆಂಟ್) 10 ಆಂಪಿಯರ್ ತೂತು ಇರಲೇಬೇಕು, ಅದನ್ನು ನೋಡಿ ತಗೊಳ್ಳಿ. ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಅಳೆಯುವುದು) ಕೊಡುತ್ತೇನೆ ಅಂದರೆ ಡಿಸಿ ಅಳೆಯುತ್ತದಾ ಎಂದು ಕೇಳಿ. ಅಗ್ಗದವುಗಳಲ್ಲಿ ಹೆಚ್ಚಿನವು ಎಸಿ (ಮನೆ ಲೈನಿನ) ಕರೆಂಟ್ ಮಾತ್ರ ಅಳೆಯುತ್ತವೆ, ಕಾರಿಗೆ ಉಪಯೋಗ ಇಲ್ಲ.

ಮೊದಲು ವೋಲ್ಟೇಜ್ ನೋಡಿ. ಫುಲ್ ಚಾರ್ಜ್ ಆಗಿ ಕೆಲವು ಗಂಟೆ ಸುಮ್ನೆ ನಿಂತ ಬ್ಯಾಟರಿ 12.6 ವೋಲ್ಟ್ ಸುತ್ತಮುತ್ತ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. 12.0 ಅಂದರೆ ಕಾಲು ಭಾಗ ಉಳಿದಿದೆ ಅಷ್ಟೇ. ಇಂಜಿನ್ ಓಡುವಾಗ 13.8ರಿಂದ 14.4 ಬಂದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ.

ಆಮೇಲೆ ಸೋರಿಕೆ. ಕೀ ತೆಗೆಯಿರಿ. ಫ್ಯೂಸ್ ಬಾಕ್ಸ್‌ಗೆ ಕೈ ಹಾಕಲು ಬಾಗಿಲು ತೆರೆದಿರಬೇಕು ಅಲ್ವಾ, ಹಾಗಾಗಿ ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಲಾಕಿನಲ್ಲೇ ಬಾಗಿಲಿನ ಸ್ವಿಚ್ ಇದ್ದರೆ, ಬಾಗಿಲು ಮುಚ್ಚಿದೆ ಎಂದೇ ಗಾಡಿ ತಿಳಿಯುತ್ತದೆ, ಒಳಗಿನ ಲೈಟು ಆರುತ್ತದೆ. ಕೆಲಸ ಮುಗಿದ ಮೇಲೆ ಹ್ಯಾಂಡಲ್ ಎಳೆದು ಲಾಕ್ ಬಿಡಿಸಿ, ಆಮೇಲೆಯೇ ಬಾಗಿಲು ಹಾಕಿ. ಮರೆತು ಬಡಿದರೆ ಲಾಕ್ ಮುರಿಯುತ್ತದೆ.

10ರ ಸ್ಪ್ಯಾನರ್‌ನಿಂದ ನೆಗೆಟಿವ್ ಟರ್ಮಿನಲ್ ಮಾತ್ರ ಬಿಚ್ಚಿ. ಮೀಟರಿನ ಕೆಂಪು ಪ್ರೋಬ್ 10 ಆಂಪಿಯರ್ ತೂತಿನಲ್ಲಿ ಇರಲಿ. ಅದರ ತುದಿಯನ್ನು ಬಿಚ್ಚಿದ ಕೇಬಲ್‌ಗೆ, ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಹಿಡಿಸಿ. ಕರೆಂಟ್ ಈಗ ಪೂರ್ತಿ ಮೀಟರ್ ಮೂಲಕವೇ ಹೋಗುತ್ತದೆ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಲೇಬೇಡಿ, ಕೀ ಆನ್ ಮಾಡಬೇಡಿ, ಹೆಡ್‌ಲೈಟ್ ಹಾಕಬೇಡಿ. 55 ವಾಟ್‌ನ ಎರಡು ಬಲ್ಬೇ ಸುಮಾರು 9 ಆಂಪಿಯರ್ ಎಳೆಯುತ್ತವೆ, ಮೀಟರಿನ ಫ್ಯೂಸ್ ಹೋಗಬಹುದು.

ಶುರುವಿನಲ್ಲಿ ರೀಡಿಂಗ್ ಜಾಸ್ತಿ ಇರುತ್ತದೆ, ಗಾಬರಿ ಬೇಡ. ಗಾಡಿಯ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆ ಬೇಕಾಗಬಹುದು. ಕೊನೆಗೆ 0.05 ಆಂಪಿಯರ್ ಒಳಗೆ ನಿಂತರೆ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ಫ್ಯೂಸ್ ಒಂದೊಂದಾಗಿ ತೆಗೆದು ನೋಡಿ. ಯಾವುದನ್ನು ತೆಗೆದಾಗ ಇಳಿಯುತ್ತದೋ ಆ ಲೈನಿನಲ್ಲೇ ಕಳ್ಳ ಇದ್ದಾನೆ.

ಕೆಂಗೇರಿ_ಗಾಡಿ:
ತುಂಬ ಥ್ಯಾಂಕ್ಸ್ ಸರ್. ಹೇಳಿದ ಹಾಗೇ ಮಾಡಿದೆ. ಚಾರ್ಜರ್ ಹಾಕಿ ರಾತ್ರಿಯಿಡೀ ಬಿಟ್ಟ ಮೇಲೆ 12.58. ಇಂಜಿನ್ ಆನ್ ಇದ್ದಾಗ 14.2. ಸೋರಿಕೆ ಮೊದಲು 2.6 ಆಂಪಿಯರ್ ತೋರಿಸಿತು, ನಿಧಾನವಾಗಿ ಇಳಿದು 1.02ರಲ್ಲಿ ನಿಂತಿತು. ಡ್ಯಾಶ್‌ಕ್ಯಾಮಿನ ಫ್ಯೂಸ್ ಟ್ಯಾಪ್ (ಫ್ಯೂಸ್ ಜಾಗದಿಂದ ಅದಕ್ಕೆ ಕರೆಂಟ್ ತೆಗೆಯುವ ಕವಲು) ಕಿತ್ತೆ: 0.78. ಅಲ್ಲಿಂದ ಮುಂದೆ ಕೆಳಗೆ ಬರುತ್ತಿಲ್ಲ. ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್, ಬಾನೆಟ್ ಒಳಗಿನ ಫ್ಯೂಸ್ ಎಲ್ಲ ತೆಗೆದು ಹಾಕಿದೆ. 0.78 ಹೆಚ್ಚುಕಮ್ಮಿ ಹಾಗೇ ಇದೆ. ಈಗ ಏನು ಮಾಡಲಿ?

ಬನಶಂಕರಿ_ಸ್ಪ್ಯಾನರ್:
ಒಂದು ಮಾತು. ಯಾವ ಫ್ಯೂಸ್ ತೆಗೆದರೂ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ) ಹೋಗಿರುವ ಸಾಧ್ಯತೆ ಇರುತ್ತದೆ. ಇಂಜಿನ್ ನಿಂತಾಗಲೂ ಕರೆಂಟ್ ಅದರ ಮೂಲಕ ಹಿಂದಕ್ಕೆ ಹರಿಯುತ್ತದೆ. ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ ಅಳೆದರೆ ಗೊತ್ತಾಗುತ್ತದೆ. ಬಿಚ್ಚುವ ಮುಂಚೆ ಬ್ಯಾಟರಿ ನೆಗೆಟಿವ್ ತೆಗೆದಿರಬೇಕು. ಆ ವೈರಿನಲ್ಲಿ ಯಾವಾಗಲೂ ಬ್ಯಾಟರಿ ಕರೆಂಟ್ ಇರುತ್ತದೆ, ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ.

ವೈರಿಂಗ್_ಮಲ್ಲೇಶ್ವರ:
ಡಯೋಡ್ ಇರಬಹುದು, ಆದರೆ ಅದಕ್ಕೂ ಮುಂಚೆ ಸುಲಭವಾದ ಒಂದನ್ನು ನೋಡೋಣ. ಹಿಂದಿನ ಮಾಲೀಕರು ಆಂಪ್ ಹಾಕಿಸಿದ್ದಾರೆ ಅಂದಿರಿ. ಆಂಪಿನ ಪವರ್ ವೈರ್ ಕಾರಿನ ಫ್ಯೂಸ್ ಬಾಕ್ಸಿಗೆ ಬರುವುದೇ ಇಲ್ಲ, ನೇರ ಬ್ಯಾಟರಿ ಪಾಸಿಟಿವ್‌ಗೆ ಹೋಗುತ್ತದೆ. ಹಾಗಾಗಿ ಬಾಕ್ಸಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಪಾಸಿಟಿವ್ ಟರ್ಮಿನಲ್‌ನಿಂದ ಕಂಪನಿಯದ್ದಲ್ಲದ ದಪ್ಪ ಕೆಂಪು ವೈರ್ ಹೊರಟಿದೆಯಾ ನೋಡಿ. ಇದ್ದರೆ ಅದರ ದಾರಿಯಲ್ಲಿ ಗಾಜಿನದ್ದೋ ಪ್ಲಾಸ್ಟಿಕ್ಕಿನದ್ದೋ ಫ್ಯೂಸ್ ಹೋಲ್ಡರ್ ಇರುತ್ತದೆ. ಅದನ್ನು ತೆಗೆದು ಮೀಟರ್ ನೋಡಿ.

ಇನ್ನೊಂದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬೆಳಗ್ಗೆ ಆಂಪ್ ಮೇಲೆ ಕೈ ಇಟ್ಟು ನೋಡಿ. 0.78 ಆಂಪಿಯರ್ ಅಂದರೆ ಹತ್ತು ವಾಟ್ ಹತ್ತಿರ. ಅಷ್ಟು ಕರೆಂಟ್ ಎಲ್ಲಿ ಉರಿಯುತ್ತದೋ ಅಲ್ಲಿ ಬಿಸಿ ಇರಲೇಬೇಕು. ಆಂಪ್ ಸೀಟಿನ ಕೆಳಗಿದ್ದರೆ ಒಂದು ಎಚ್ಚರ: ಅಲ್ಲಿ ಹಳದಿ ಕಪ್ಲರ್ ಕಂಡರೆ ಮುಟ್ಟಬೇಡಿ, ಎಳೆಯಬೇಡಿ, ಪ್ರೋಬ್ ಚುಚ್ಚಬೇಡಿ. ಏರ್‌ಬ್ಯಾಗ್, ಸೀಟ್‌ಬೆಲ್ಟ್ ವೈರ್ ಅದರಲ್ಲೇ ಬರುವುದು.

ಕೆಂಗೇರಿ_ಗಾಡಿ:
ಸಿಕ್ಕಿತು! ಇವತ್ತು ಬೆಳಗ್ಗೆ ಪಕ್ಕದ ಸೀಟಿನ ಕೆಳಗೆ ಕೈ ಹಾಕಿದೆ. ಸೀಟಿನ ಕಬ್ಬಿಣ ತಣ್ಣಗೆ, ಆಂಪಿನ ಅಲ್ಯೂಮಿನಿಯಂ ಮೈ ಬೆಚ್ಚಗೆ. ಚಿಕ್ಕ ಕೆಂಪು ಲೈಟು ಕೂಡ ಉರಿಯುತ್ತಿದೆ, ಕಾರ್ಪೆಟ್ ಮರೆಯಲ್ಲಿ ಇದ್ದಿದ್ದರಿಂದ ಕಾಣಿಸುತ್ತಿರಲಿಲ್ಲ. ಬಾನೆಟ್ ಒಳಗೆ ದಪ್ಪ ಕೆಂಪು ವೈರಿನ ಫ್ಯೂಸ್ ತೆಗೆದ ತಕ್ಷಣ ಮೀಟರ್ 0.03ಕ್ಕೆ ಇಳಿಯಿತು.

ಆಂಪಿನ ಟರ್ಮಿನಲ್ ಫೋಟೊ ಹಾಕಿದ್ದೇನೆ. ದಪ್ಪ ಕೆಂಪು ವೈರ್ ಇರುವ ಸ್ಕ್ರೂನಿಂದ ಪಕ್ಕದ ‘ರಿಮೋಟ್’ ಸ್ಕ್ರೂಗೆ ಎರಡು ಇಂಚಿನ ತುಂಡು ವೈರ್ ಕೊಟ್ಟಿದ್ದಾರೆ. ಇದು ಹೀಗೇ ಇರಬೇಕಾ?

ವೈರಿಂಗ್_ಮಲ್ಲೇಶ್ವರ:
ಇರಬಾರದು, ಅದೇ ಕಾರಣ. ಸ್ಟೀರಿಯೊ ಆನ್ ಆದಾಗ ಆಂಪ್ ಎದ್ದೇಳಲಿ, ಆಫ್ ಆದಾಗ ಮಲಗಲಿ ಅಂತ ಆ ರಿಮೋಟ್ ಸ್ಕ್ರೂ ಕೊಟ್ಟಿರುವುದು. ಸ್ಟೀರಿಯೊ ಹಿಂದಿನಿಂದ ನೀಲಿ-ಬಿಳಿ ಪಟ್ಟೆಯ ಒಂದು ತೆಳು ವೈರ್ ಎಳೆದು ತಂದು ಅಲ್ಲಿಗೆ ಕೊಡಬೇಕು. ಅದಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಲ್ಲ, ಫಿಟ್ ಮಾಡಿದವರು ಆ ಕೆಲಸ ಉಳಿಸಲು ಪವರ್‌ನಿಂದಲೇ ತುಂಡು ವೈರ್ ಕೊಟ್ಟಿದ್ದಾರೆ. ಹಾಗಾಗಿ ಆಂಪ್ ಹಗಲು ರಾತ್ರಿ ಆನ್. 0.78 ಆಂಪಿಯರ್ ಲೆಕ್ಕದಲ್ಲಿ 35ರ ಬ್ಯಾಟರಿ ಎರಡು ದಿನದೊಳಗೆ ಪೂರ್ತಿ ಖಾಲಿ. ನಿಮ್ಮ ಗಾಡಿ 60 ಗಂಟೆ ನಿಲ್ಲುತ್ತದೆ. ಡ್ಯಾಶ್‌ಕ್ಯಾಮ್ ಬರುವ ಮುಂಚೆಯೂ ಬ್ಯಾಟರಿ ಕಷ್ಟದಲ್ಲೇ ಇತ್ತು.

ಬ್ಯಾಟರಿ ನೆಗೆಟಿವ್ ಬಿಚ್ಚಿ, ಆ ತುಂಡು ವೈರ್ ತೆಗೆಯಿರಿ. ಸ್ಟೀರಿಯೊ ಹೊರಗೆಳೆದು ನೀಲಿ-ಬಿಳಿ ವೈರ್ ಹುಡುಕಿ. ಬಣ್ಣ ನಂಬಿ ಜೋಡಿಸಬೇಡಿ. ಬ್ಯಾಟರಿ ವಾಪಸ್ ಕೊಟ್ಟು ಮೀಟರ್ ಹಿಡಿಯಿರಿ: ಸ್ಟೀರಿಯೊ ಆನ್ ಇದ್ದಾಗ 12 ವೋಲ್ಟ್, ಆಫ್ ಮಾಡಿದಾಗ ಸೊನ್ನೆ. ಅದು ಖಚಿತ ಆದ ಮೇಲೆ ಮತ್ತೆ ನೆಗೆಟಿವ್ ಬಿಚ್ಚಿ, ವೈರ್ ಜೋಡಿಸಿ. ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಅದುಮಿ ಜೋಡಿಸಿ) ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ. ಹೆಣೆದು ಟೇಪ್ ಸುತ್ತಿದರೆ ಬೇಸಿಗೆಯಲ್ಲಿ ಅಂಟು ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ.

ಡ್ಯಾಶ್‌ಕ್ಯಾಮ್ ಬಗ್ಗೆಯೂ ಹೇಳಿಬಿಡುತ್ತೇನೆ. ನಿಮ್ಮದು 0.24 ಎಳೆಯುತ್ತಿದೆ. ಗಾಡಿಯ ಸ್ವಂತ 0.03 ಸೇರಿಸಿದರೆ ವಾರಾಂತ್ಯಕ್ಕೆ 16 ಆಂಪಿಯರ್-ಅವರ್, ಬ್ಯಾಟರಿಯ ಅರ್ಧದ ಹತ್ತಿರ. ಕಿಟ್‌ನಲ್ಲಿ ಕಟ್-ಆಫ್ ವೋಲ್ಟೇಜ್ (ಬ್ಯಾಟರಿ ಅಲ್ಲಿಗೆ ಇಳಿದಾಗ ಕಿಟ್ ಕ್ಯಾಮೆರಾ ಆಫ್ ಮಾಡುತ್ತದೆ) ಎಷ್ಟಿದೆ ನೋಡಿ. 11.6ರಲ್ಲಿದ್ದರೆ ಅದು ಕಾಯುವಷ್ಟರಲ್ಲಿ ಬ್ಯಾಟರಿ ಮುಗಿದಿರುತ್ತದೆ. 12.2 ಇದ್ದರೆ ಅದಕ್ಕೆ ಇಡಿ, ಇಲ್ಲದಿದ್ದರೆ ಸಿಗುವುದರಲ್ಲಿ ಅತಿ ಹೆಚ್ಚಿನದಕ್ಕೆ.

ಹಳೇ_ಡೀಸೆಲ್:
ಒಳ್ಳೆಯದಾಯಿತು, ಬ್ಯಾಟರಿ ದುಡ್ಡು ಉಳಿಯಿತು. ನನ್ನ ಗಾಡಿಯಲ್ಲೂ ಆಂಪ್ ಇದೆ, ಇವತ್ತೇ ರಿಮೋಟ್ ವೈರ್ ನೋಡುತ್ತೇನೆ.

ಕೆಂಗೇರಿ_ಗಾಡಿ:
ವೈರ್ ಎಳೆದು ಜೋಡಿಸಿದೆ. ಸ್ಟೀರಿಯೊ ಆಫ್ ಮಾಡಿದರೆ ಆಂಪಿನ ಲೈಟು ಆರುತ್ತದೆ. ಡ್ಯಾಶ್‌ಕ್ಯಾಮ್ ಸೇರಿ 0.27. ಕಟ್-ಆಫ್ 11.6ರಲ್ಲೇ ಇತ್ತು, 12.2ಕ್ಕೆ ಏರಿಸಿದೆ. ಈ ಸೋಮವಾರ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಒಂದೇ ಅನುಮಾನ ಉಳಿದಿದೆ. ಆಂಪಿನ ಕೆಂಪು ವೈರ್ ಇಂಜಿನ್ ಕಡೆಯಿಂದ ಒಳಗೆ ಬರುವ ತೂತಿನಲ್ಲಿ ರಬ್ಬರ್ ಇಲ್ಲ. ತಗಡಿನ ಅಂಚು ಪ್ಲಾಸ್ಟಿಕ್ಕನ್ನು ಸ್ವಲ್ಪ ಕೊರೆದಿದೆ, ತಾಮ್ರ ಕಾಣುತ್ತಿಲ್ಲ.

ಬನಶಂಕರಿ_ಸ್ಪ್ಯಾನರ್:
ಅದನ್ನು ಹಾಗೇ ಬಿಡಬೇಡಿ ಸರ್. ತಾಮ್ರ ತಗಡಿಗೆ ತಾಗಿದ ದಿನ ಶಾರ್ಟ್, ಬೆಂಕಿಯೂ ಆಗಬಹುದು. ಆಂಪಿನ ಫ್ಯೂಸ್ ತೆಗೆದಿಟ್ಟು ಗಾಡಿ ಓಡಿಸಿ, ಆದರೆ ಫ್ಯೂಸ್ ಹೋಲ್ಡರ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇದ್ದರೆ ಮಾತ್ರ. ತೂತಿನ ಆಚೆಗಿದ್ದರೆ ಬ್ಯಾಟರಿಯಿಂದ ತೂತಿನವರೆಗಿನ ವೈರಿನಲ್ಲಿ ಆಗಲೂ ಕರೆಂಟ್ ಇರುತ್ತದೆ, ಆಗ ವೈರನ್ನೇ ಪಾಸಿಟಿವ್‌ನಿಂದ ಬಿಚ್ಚಿ. ಜೆ.ಸಿ. ರಸ್ತೆಯಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಕೇಳಿ, ತೂತಿನ ಅಳತೆ ಬರೆದುಕೊಂಡು ಹೋಗಿ. ಕೊರೆದ ವೈರಿಗೆ ಟೇಪ್ ಬೇಡ, ಅದೇ ದಪ್ಪದ ಹೊಸ ವೈರ್ ಬ್ಯಾಟರಿಯಿಂದ ಆಂಪ್‌ವರೆಗೆ ಎಳೆಯಿರಿ, ಮೇಲೆ ಸುಕ್ಕು ಪೈಪ್ ತೊಡಿಸಿ. ಫ್ಯೂಸ್ ಈಗ ಇರುವ ರೇಟಿಂಗ್‌ನದ್ದೇ ಇರಲಿ, ದೊಡ್ಡದು ಹಾಕಬೇಡಿ.