ಪುಟ್ಟಾ, ಮೊದಲು ಕಿಕ್ ಹೊಡೆಯೋದು ನಿಲ್ಸು

ಪುಟ್ಟಾ, ನಿನ್ನ ಮಾವ ಕಣೋ, ಒಂದ್ನಿಮಿಷ ಇರು, ಲೇತ್ ಮಷೀನ್ ಆಫ್ ಮಾಡ್ತೀನಿ, ಇಲ್ಲಾಂದ್ರೆ ಏನೂ ಕೇಳ್ಸಲ್ಲ. ಹಾಂ, ಈಗ ಹೇಳ್ತೀನಿ. ನಮ್ಮನೆ ಗ್ರೂಪಿಗೆ ನೀವು ಹಾಕಿದ್ದೆಲ್ಲಾ ನೋಡ್ದೆ. ಭಾನುವಾರ ಮನೇಲೇ ಸ್ಪ್ಲೆಂಡರ್‌ಗೆ ಆಯಿಲ್ ಬದಲಾಯಿಸಿದ್ದೀಯ, ಹಳೇ ವಾಷರ್ ಸಿಗ್ಲಿಲ್ಲ ಅಂತ ಎಂಜಿನ್ ಅಡೀಲಿ ಆಯಿಲ್ ಇಳಿಸೋ ಡ್ರೈನ್ ಬೋಲ್ಟಿಗೆ ಟೆಫ್ಲಾನ್ ಟೇಪ್ ಸುತ್ತಿ, ಸೋರಬಾರ್ದು ಅಂತ ಶಕ್ತಿ ಬಿಟ್ಟು ಬಿಗಿ ಮಾಡಿದ್ದೀಯ. ಸೋಮವಾರ ತಿಪಟೂರಿಂದ ಹೊರಟು ಅರಸೀಕೆರೆ ದಾಟಿ ಬಾಣಾವರದ ಹತ್ರ ಎಂಜಿನ್ ಹಿಡ್ಕೊಂಡ್ಬಿಡ್ತು. ಅಷ್ಟು ತಾನೆ?

ಕಿಕ್ಕರ್ ಮೇಲೆ ನಿಮ್ಮ ಫ್ರೆಂಡು ಹತ್ತಿ ನಿಂತು ಕುಣೀತಾ ಇರೋ ವಿಡಿಯೋ ನೋಡಿ ನಂಗೆ ಎದೆ ಧಸಕ್ ಅಂತು. ಅದನ್ನ ಈಗ್ಲೇ ನಿಲ್ಸಿ. ಗೇರಲ್ಲಿ ಹಾಕಿ ಇಳಿಜಾರಲ್ಲಿ ನೂಕೋದೂ ಬೇಡ. ಎಂಜಿನ್ ಒಳಗಿನ ಪಿಸ್ಟನ್ ಅಲ್ಯೂಮಿನಿಯಂ, ಅದು ಓಡಾಡೋ ಕೊಳವೆ, ಅಂದ್ರೆ ಬೋರು, ಕಬ್ಬಿಣ, ಎರಡರ ಮಧ್ಯೆ ಇರೋ ಜಾಗ ಒಂದು ಕೂದಲೆಳೆಗಿಂತ ಕಮ್ಮಿ. ಆಯಿಲ್ ಇಲ್ದೆ ಕಾದಾಗ ಪಿಸ್ಟನ್ ಉಬ್ಬಿ ಬೋರಿಗೆ ಮೆತ್ಕೊಳ್ಳುತ್ತೆ. ನೀವು ತುಳಿದಷ್ಟೂ ಗೀರು ಆಳ ಆಗುತ್ತೆ, ಪಿಸ್ಟನ್ ಸುತ್ತ ಇರೋ ರಿಂಗ್ ಮುರೀಬಹುದು. ಇನ್ನೊಂದು ವಿಷ್ಯ, ತಣ್ಣಗಾದ್ಮೇಲೆ ಅದಾಗೇ ಬಿಟ್ಕೊಳ್ಳೋದೂ ಉಂಟು. ಬಿಟ್ಕೊಳ್ತಲ್ಲ ಅಂತ ಸ್ಟಾರ್ಟ್ ಮಾಡಿ ಮನೆಗೆ ಓಡಿಸ್ಕೊಂಡು ಬಂದ್ರೆ ಉಳಿದಿದ್ದ ಕ್ರ್ಯಾಂಕೂ, ಅಂದ್ರೆ ಪಿಸ್ಟನ್ ಓಡಾಟಕ್ಕೆ ತಿರುಗೋ ಶಾಫ್ಟೂ, ಹೋಗುತ್ತೆ. ಆಟೋಲಿ ಹಾಕ್ಕೊಂಡು ಮನೆಗೆ ತಗೊಂಡು ಹೋಗಿ.

ಆ ಬೋಲ್ಟಿನ ಫೋಟೋ ದೊಡ್ದು ಮಾಡಿ ನೋಡು. ಹಲ್ಲುಗಳ ಸಂದೀಲಿ ಬೆಳ್ಳಿ ತಂತಿ ಥರ ಸುರುಳಿ ಸುತ್ಕೊಂಡಿದೆಯಲ್ಲ, ಅದು ಕಸ ಅಲ್ಲ ಕಣೋ, ಕ್ರ್ಯಾಂಕ್ ಕೂತಿರೋ ಕೇಸಿನ, ಅಂದ್ರೆ ಕ್ರ್ಯಾಂಕ್‌ಕೇಸಿನ, ಥ್ರೆಡ್ಡೇ ಕಿತ್ಕೊಂಡು ಬಂದಿರೋದು. ಬೋಲ್ಟು ಉಕ್ಕು, ಕೇಸು ಅಲ್ಯೂಮಿನಿಯಂ. ಅತಿ ಬಿಗಿ ಮಾಡಿದ್ರೆ ಸೋಲೋದು ಯಾವಾಗ್ಲೂ ಕೇಸೇ. ಬಿಗಿ ಆಯ್ತು ಅಂತ ಕೈಗೆ ಅನ್ಸುತ್ತೆ, ಆದ್ರೆ ಅಷ್ಟ್ರಲ್ಲಿ ಥ್ರೆಡ್ ಹೋಗಿರುತ್ತೆ. ಆ ಎಂಜಿನ್ನಿಗೆ ಹಿಡಿಯೋದೇ ಒಂದು 900 ಎಂಎಲ್ ಆಯಿಲ್, ದಾರಿಯುದ್ದಕ್ಕೂ ಅದು ಸುರಿದುಹೋಗಿದೆ. ಆಯಿಲ್ ಕಮ್ಮಿ ಆಯ್ತು ಅಂತ ಹೇಳೋಕೆ ಆ ಗಾಡೀಲಿ ಲೈಟೂ ಇಲ್ಲ, ನಿಂಗೆ ಗೊತ್ತಾಗೋದಾದ್ರೂ ಹೇಗೆ.

ಭಾವ, ನೀವು ಗುಜರಿಗೆ ಹಾಕ್ಬಿಡೋಣ ಅಂತ ಬರೆದಿದ್ದೀರ. ದಯವಿಟ್ಟು ಆ ಮಾತು ಬೇಡ. ಅಪ್ಪ ಹತ್ತು ವರ್ಷ ಡೈರಿಗೆ ಹಾಲು ಹಾಕಿದ ಗಾಡಿ ಅದು. ಹುಡುಗನ್ನೂ ಬೈಬೇಡಿ, ತಾನೇ ಕಲೀಬೇಕು ಅಂತ ಕೈ ಹಾಕಿದಾನೆ. ಈ ಎಂಜಿನ್ನು ರಿಪೇರಿಗೆ ಬಗ್ಗೋ ಎಂಜಿನ್ನು. ಬಿಚ್ಚಿ ನೋಡೋ ತನಕ ಯಾವ ತೀರ್ಮಾನನೂ ಬೇಡ.

ಪುಟ್ಟಾ, ಈಗ ನೀನು ಮಾಡ್ಬೇಕಾದ್ದು ಕೇಳು. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಲ್ಲಿ ನಾಲ್ಕು ಚಮಚ ಆಯಿಲ್ ಬಿಟ್ಟು ರಾತ್ರಿ ಪೂರ್ತಿ ಬಿಡು. ಬೆಳಿಗ್ಗೆ ಟಾಪ್ ಗೇರಿಗೆ ಹಾಕಿ ಗಾಡೀನ ಹಿಂದೆ ಮುಂದೆ ಮೆತ್ತಗೆ ಅಲ್ಲಾಡ್ಸು. ಬಿಟ್ಕೊಂಡ್ರೂ ಸ್ಟಾರ್ಟ್ ಮಾಡ್ಬೇಡ. ಆಮೇಲೆ ಕೇಸಲ್ಲಿ ಉಳಿದಿರೋ ಆಯಿಲ್ಲನ್ನ ಬಿಳೀ ಪಂಚೆ ಚೂರಿನ ಮೇಲೆ ಇಳಿಸಿ ಬಿಸಿಲಲ್ಲಿ ನೋಡು, ಮಿಣಮಿಣ ಅನ್ನೋ ಪುಡಿ ಕಾಣುತ್ತೆ. ಹಳೇ ಸ್ಪೀಕರಿನ ಅಯಸ್ಕಾಂತ ಇದ್ರೆ ಹಿಡಿ. ಅಂಟದೇ ಇದ್ರೆ ಅದು ಪಿಸ್ಟನ್‌ದು, ಇಲ್ಲಾ ಥ್ರೆಡ್‌ದು, ಪರವಾಗಿಲ್ಲ. ರಾಶಿ ಅಂಟಿದ್ರೆ ಕ್ರ್ಯಾಂಕೋ, ವಾಲ್ವ್ ತೆಗೆಸೋ ಕ್ಯಾಮೋ ಸವೆದಿದೆ ಅಂತ ಅನುಮಾನ ಪಡ್ಬೇಕು.

ಎಂಜಿನ್ನಿನ ಮುಚ್ಚಳದಂತಿರೋ ಹೆಡ್ಡು, ಬೋರ್ ಇರೋ ಬ್ಲಾಕು, ಇವೆರಡನ್ನ ಇಳ್ಸೋದನ್ನ ನಿಮ್ಮೂರ ಮೆಕ್ಯಾನಿಕ್ಕು ಎಂಜಿನ್ ಕೆಳಗಿಳಿಸದೇ ಮಾಡ್ತಾನೆ. ನೀನು ಪಕ್ಕದಲ್ಲೇ ನಿಂತ್ಕೋ. ಬ್ಲಾಕ್ ಈಚೆ ಬಂದ್ಮೇಲೆ ಪಿಸ್ಟನ್ನನ್ನ ಕ್ರ್ಯಾಂಕಿಗೆ ಜೋಡಿಸೋ ಕನೆಕ್ಟಿಂಗ್ ರಾಡನ್ನ ನೀನೇ ನಿನ್ನ ಬೆರಳಲ್ಲಿ ಹಿಡಿ. ಎಡಕ್ಕೆ ಬಲಕ್ಕೆ ಸ್ವಲ್ಪ ಆಡುತ್ತೆ, ಅದು ಇರಲೇಬೇಕು. ಅದನ್ನ ತೋರ್ಸಿ ಕ್ರ್ಯಾಂಕ್ ಹೋಗಿದೆ ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡ. ರಾಡನ್ನ ಅದರ ಉದ್ದಕ್ಕೇ ಎಳೆದು ಒತ್ತಿ ನೋಡ್ಬೇಕು. ಅಲ್ಲಿ ಒಂದಿಷ್ಟೂ ಆಟ ಇರಬಾರ್ದು. ಟಕ್ ಅಂತ ಬೆರಳಿಗೆ ತಾಗಿದ್ರೆ ರಾಡು ಕ್ರ್ಯಾಂಕಿಗೆ ಕೂರೋ ಕಡೆಯ ಬಿಗ್ ಎಂಡ್ ಬೇರಿಂಗ್ ಹೋಗಿದೆ ಅಂತ. ಆಗ ಎಂಜಿನ್ ಇಳಿಸಿ ಕೇಸ್ ಬಿಡಿಸ್ಬೇಕು, ಖರ್ಚು ಬೇರೆ ಲೆಕ್ಕವೇ ಆಗುತ್ತೆ. ಒಂದು ಸಲ ನಾನೇ ಇದನ್ನ ನೋಡದೆ ಬರೀ ಬ್ಲಾಕ್ ಬೋರ್ ಮಾಡಿ, ಅಂದ್ರೆ ಒಳಗೆ ಕೊರೆದು ಸ್ವಲ್ಪ ಅಗಲ ಮಾಡಿ, ಕಳಿಸ್ಬಿಟ್ಟಿದ್ದೆ, ತಿಂಗಳೊಳಗೆ ಆ ಗಾಡಿ ಕಟಕಟ ಅಂತ ಸದ್ದು ಮಾಡ್ಕೊಂಡು ವಾಪಸ್ ಬಂತು. ಆ ಮನುಷ್ಯ ಎರಡನೇ ಸಲ ದುಡ್ಡು ಹೊಂದಿಸೋಕೆ ಪಟ್ಟ ಕಷ್ಟ ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗುತ್ತೆ. ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಹಾಗೇ ಹೆಡ್ಡಲ್ಲಿ ಕ್ಯಾಮಿನ ಮೂತಿ, ಅದು ತಳ್ಳೋ ರಾಕರ್ ತುದಿ ನೋಡು. ಆಯಿಲ್ ಒಣಗಿದಾಗ ಮೇಲಿರೋ ಅವಕ್ಕೇ ಬೇಗ ಏಟು. ಕನ್ನಡಿ ಥರ ನುಣುಪಾಗಿದ್ರೆ ಸರಿ, ತರಚಿದ್ರೆ ಬದಲಾಯಿಸ್ಬೇಕು.

ಬೋರಲ್ಲಿ ಉಗುರು ಎಳೆದು ನೋಡು. ಸಿಕ್ಕಿಹಾಕ್ಕೊಂಡ್ರೆ ಬೋರಿಂಗ್ ಬೇಕೇ ಬೇಕು. ಅದರ ಅಸಲಿ ಅಳತೆ 50 ಮಿಲಿಮೀಟರ್, ಮೊದಲ ಓವರ್‌ಸೈಜು ಪಿಸ್ಟನ್ ಅದಕ್ಕಿಂತ 0.25 ಮಿಲಿಮೀಟರ್ ದೊಡ್ದು. ಆ ಹೊಸ ಪಿಸ್ಟನ್ ತಗೊಂಡು ಬ್ಲಾಕ್ ಜೊತೆಗೇ ಬಾ, ಪಿಸ್ಟನ್ ಅಳೆದು ಅದಕ್ಕೆ ತಕ್ಕ ಹಾಗೆ ನಾನು ಬೋರ್ ಮಾಡೋದು. ಬಾಕ್ಸಿನ ಮೇಲಿನ ನಂಬರ್ ನೋಡ್ಕೊಂಡು ಮಾಡೋ ಕೆಲಸ ಅಲ್ಲ ಅದು.

ಡ್ರೈನ್ ತೂತಿಗೆ ಎಂ-ಸೀಲ್ ಮೆತ್ತೋಣ ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನು. ಮುಂದಿನ ಸಲ ಆಯಿಲ್ ಇಳ್ಸೋದು ಹೇಗೆ? ಅಲ್ಲಿಗೆ ಹೆಲಿಕಾಯಿಲ್ ಅನ್ನೋ ತಂತಿ ಸುರುಳಿ ಹಾಕಿಸ್ಬೇಕು, ಉಕ್ಕಿನ ಹೊಸ ಥ್ರೆಡ್ ಕೂರುತ್ತೆ, ಮೊದಲಿಗಿಂತ ಗಟ್ಟಿ. ಥ್ರೆಡ್ ಕೊರೆಯೋ ಟ್ಯಾಪ್ ಹೊಡೆಯೋವಾಗ ಅದಕ್ಕೆ ಗ್ರೀಸ್ ಮೆತ್ತಿರ್ಬೇಕು, ಚೂರು ಒಳಗೆ ಬೀಳದೆ ಅದಕ್ಕೇ ಅಂಟ್ಕೊಳ್ಳುತ್ತೆ. ಆ ಕೆಲಸಾನ ಭಾನುವಾರ ನಾನೇ ಅಲ್ಲಿ ಮಾಡ್ತೀನಿ, ಟ್ಯಾಪ್ ಜೊತೆಗೇ ತರ್ತೀನಿ. ನೀನು ಶನಿವಾರ ಬೆಳಿಗ್ಗೆ ಬ್ಲಾಕನ್ನ ಹಳೇ ಬಟ್ಟೇಲಿ ಸುತ್ತಿ ಹಾಸನದ ಬಸ್ ಹತ್ತು. ಸಂಜೆ ಒಟ್ಟಿಗೇ ಊರಿಗೆ ಹೋಗೋಣ. ತಾಮ್ರದ ವಾಷರ್ ಎರಡು ಈಗ್ಲೇ ತೆಗೆದು ಜೇಬಿಗೆ ಹಾಕ್ಕೊಂಡಿದ್ದೀನಿ. ರಾತ್ರಿ ಊಟಕ್ಕೆ ಅಲ್ಲಿಗೇ ಬರ್ತೀವಿ ಅಂತ ಅಕ್ಕಂಗೆ ಹೇಳ್ಬಿಡು.